ಕಾರ್ಡಿನ ಕೊನೆಯ ತೂತು

ಶುದ್ಧ ನೀರಿನ ಘಟಕದ ಮುಂದೆ ಕ್ಯಾನು ಇಟ್ಟು ನಿಂತಿದ್ದ ಮಾರುತೇಶನಿಗೆ ತನ್ನ ಸರದಿ ಬಂದು ಹೋದದ್ದೇ ಗೊತ್ತಾಗಲಿಲ್ಲ. ಹಿಂದಿದ್ದ ಹೆಂಗಸು ಅವನ ಕ್ಯಾನನ್ನು ಕಾಲಲ್ಲಿ ಒಂದಿಷ್ಟು ಪಕ್ಕಕ್ಕೆ ತಳ್ಳಿ, ತನ್ನ ಕೊಡ ಇಟ್ಟು, ನಾಣ್ಯ ಹಾಕಿಯೂ ಆಗಿತ್ತು. "ಫೋನ್ ನೋಡ್ಕಂತ ನಿಂತ್ರೆ ಕ್ಯಾನ್ ತುಂಬುತ್ತಾ ಸಾರ್?" ಎಂದು ಅವಳು ಕೇಳಿದ್ದಕ್ಕೆ ಅವನು ಹಲ್ಲು ಕಿರಿದನೇ ಹೊರತು ಫೋನಿನಿಂದ ಕಣ್ಣು ಕೀಳಲಿಲ್ಲ. ಭಾನುವಾರದ ಬೆಳಗು, ಚಳ್ಳಕೆರೆಯ ಬಿಸಿಲು ಆಗಲೇ ಕತ್ತಿನ ಹಿಂದೆ ಚುರುಗುಟ್ಟುತ್ತಿತ್ತು, ಎಣ್ಣೆ ಮಿಲ್ಲಿನ ಕಡೆಯಿಂದ ಹಿಂಡಿಯ ವಾಸನೆ ಬರುತ್ತಿತ್ತು, ಎಲ್ಲವೂ ನಿನ್ನೆಯಂತೆಯೇ ಇತ್ತು. ಫೋನಿನಲ್ಲಿ ಮಾತ್ರ, ಹದಿನೈದು ದಿನದ ಹಿಂದೆಯೇ ಬಂದು ಇವತ್ತು ಕಣ್ಣಿಗೆ ಬಿದ್ದ ಎರಡು ಸಾಲು: ನಿಮ್ಮ 'ಅಂಚು' ತಂತ್ರಾಂಶವನ್ನು ಮುತ್ತುರಾಜ್ ಎಂಬವರು ಫೋರ್ಕ್ ಮಾಡಿದ್ದಾರೆ. ಅಂದರೆ ಇಡೀ ತಂತ್ರಾಂಶದ ಪ್ರತಿಯೊಂದನ್ನು ತೆಗೆದುಕೊಂಡು, ತಮ್ಮದೇ ಬೇರೆ ದಾರಿಯಲ್ಲಿ ನಡೆಸಲು ಶುರು ಮಾಡಿದ್ದಾರೆ. ಒಲೆಯ ಮೇಲಿನ ಬೆಂಕಿಯಿಂದ ಒಂದು ಕೊಳ್ಳಿ ಇಸಿದುಕೊಂಡು ಹೋಗಿ ಪಕ್ಕದ ಮನೆಯವರು ಒಲೆ ಹಚ್ಚಿದಂತೆ. ಇವನ ಒಲೆಯೇನೂ ಆರಿಲ್ಲ, ಇಲ್ಲಿಂದ ಏನೂ ಕಡಿಮೆಯಾಗಿಲ್ಲ. ಹಾಗಾದರೆ ಆ ಎರಡು ಸಾಲನ್ನು ಯಾಕೆ ಮತ್ತೆ ಮತ್ತೆ ಓದುತ್ತಿದ್ದೇನೆ ಎಂದು ಮಾರುತೇಶನಿಗೆ ತನ್ನ ಮೇಲೇ ಕುತೂಹಲವಾಯಿತು.

ಅಂಚು ಎಂಬುದು ಒಂಬತ್ತು ವರ್ಷದ ಹಿಂದೆ ಅವನೇ ಕೂತು ಬರೆದದ್ದು. ಸೀರೆಯ ಅಂಚಿನ ಚಿತ್ರವನ್ನು ಚೌಕಚೌಕವಾಗಿ ಬಿಡಿಸಿ ಕೊಟ್ಟರೆ, ಮಗ್ಗದ ತಲೆಯ ಮೇಲೆ ತೂಗುವ ರಟ್ಟಿನ ಕಾರ್ಡುಗಳಲ್ಲಿ ಎಲ್ಲೆಲ್ಲಿ ತೂತು ಹೊಡೆಯಬೇಕು ಎಂದು ಅದು ಲೆಕ್ಕ ಹಾಕಿ ಅಚ್ಚು ಮಾಡಿ ಕೊಡುತ್ತದೆ. ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಮಲಗಿರುತ್ತದೆ, ಹಾಗೆ ಎದ್ದು ಮಲಗಿಯೇ ಹಂಸ ನವಿಲುಗಳೆಲ್ಲ ಮೂಡುವುದು. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕನಾಗಿದ್ದವನು ಅದನ್ನು ಮಾರಲಿಲ್ಲ. ಯಾರು ಬೇಕಾದರೂ ತೆಗೆದುಕೊಳ್ಳಿ, ಓದಿ, ತಿದ್ದಿ, ತಿದ್ದಿದ್ದನ್ನು ನನಗೂ ಕಳಿಸಿ ಎಂದು ದೊಡ್ಡ ಮನಸ್ಸಿನಿಂದ ಬರೆದು ಅಂತರ್ಜಾಲದಲ್ಲಿ ಇಟ್ಟ. ದೊಡ್ಡ ಮನಸ್ಸು ಎಂಬುದು ಯಾರೂ ಏನೂ ಕಳಿಸದೆ ಇರುವವರೆಗೆ ಬಹಳ ಸುಲಭ. ಎಂಟು ವರ್ಷ ಯಾರೂ ಕಳಿಸಲಿಲ್ಲ. ಹನ್ನೊಂದು ತಿಂಗಳ ಹಿಂದೆ ಮುತ್ತುರಾಜ್ ಕಳಿಸಿದ. ತಿದ್ದಿದ್ದು ಒಂದೇ ಒಂದು ಅಂಕಿ. ನಿಮ್ಮ ತಂತ್ರಾಂಶ ಪ್ರತಿ ಕಾರ್ಡಿನಲ್ಲೂ ಕೊನೆಯ ತೂತನ್ನು ಮುಚ್ಚಿಯೇ ಬಿಡುತ್ತದೆ, ಎಣಿಕೆ ಒಂದು ಕಮ್ಮಿಯಾಗಿರಬೇಕು, ಸರಿಮಾಡಿದ್ದೇನೆ, ಒಪ್ಪಿಗೆಯಾದರೆ ಸೇರಿಸಿಕೊಳ್ಳಿ ಎಂದು ಬರೆದಿದ್ದ. ಮಾರುತೇಶ ಅದನ್ನು ಓದಿದ್ದು ಲ್ಯಾಬಿನಲ್ಲಿ, ಸುತ್ತ ಯಾರೂ ಇರಲಿಲ್ಲ, ಆದರೂ ಯಾರೋ ನೋಡುತ್ತಿದ್ದಾರೆ ಎನಿಸಿ ಕಿವಿ ಬಿಸಿಯಾಗಿತ್ತು. ಇದು ತಪ್ಪಲ್ಲ, ನಮ್ಮ ಕಡೆಯ ಸಂಪ್ರದಾಯ, ಎಂದು ಒಂದು ಸಾಲು ಬರೆದು ಆ ತಿದ್ದುಪಡಿಗೆ ಬಾಗಿಲು ಹಾಕಿಬಿಟ್ಟ. ಮರುದಿನ ಮತ್ತೆ ಒಂದು ಸಾಲು ಬಂತು: ಯಾವ ಸಂಪ್ರದಾಯ? ತಿಳಿದುಕೊಳ್ಳುವ ಆಸೆ ನನಗೆ, ದಯವಿಟ್ಟು ಹೇಳಿ. ಬರೆದದ್ದೆಲ್ಲ ಇಂಗ್ಲಿಷು, ದಯವಿಟ್ಟು ಎಂಬ ಮಾತು ಮಾತ್ರ ಕನ್ನಡದ ಅಕ್ಷರದಲ್ಲಿ. ಅದಕ್ಕೆ ಮಾರುತೇಶ ಇವತ್ತಿನವರೆಗೂ ಉತ್ತರ ಕೊಟ್ಟಿರಲಿಲ್ಲ. ಕೊಡಲು ಅವನಲ್ಲಿ ಉತ್ತರವೇ ಇರಲಿಲ್ಲ, ಅದು ಬೇರೆ ಮಾತು.

ಕ್ಯಾನು ತುಂಬಿಸಿಕೊಂಡು ಮನೆಗೆ ಬಂದು ಫೋರ್ಕಿನ ಜೊತೆಗಿದ್ದ ಟಿಪ್ಪಣಿ ಓದಿದ. ಬೈದಿರಬಹುದೆಂದು ಎದೆ ಗಟ್ಟಿ ಮಾಡಿಕೊಂಡು ಓದಿದವನಿಗೆ ಬೈಗುಳ ಸಿಕ್ಕಲಿಲ್ಲ. 'ಇದರ ಮೂಲ ಕರ್ತೃ ಮಾರುತೇಶ್, ಚಳ್ಳಕೆರೆ. ಕೊನೆಯ ತೂತನ್ನು ಮುಚ್ಚುವುದು ಅವರ ಕಡೆಯ ಸಂಪ್ರದಾಯವಂತೆ. ಅದೇನೆಂದು ನನಗೆ ತಿಳಿಯಲಾಗಲಿಲ್ಲ. ಈ ಪ್ರತಿಯಲ್ಲಿ ತೂತು ತೆರೆದಿರುತ್ತದೆ. ಸಂಪ್ರದಾಯ ಬಲ್ಲವರು ಬೇಕಾದರೆ ಮುಚ್ಚಿಕೊಳ್ಳಲು ಒಂದು ಸ್ವಿಚ್ಚು ಇಟ್ಟಿದ್ದೇನೆ.' ಸ್ವಿಚ್ಚಿನ ಹೆಸರೂ 'ಸಂಪ್ರದಾಯ' ಎಂದೇ ಇತ್ತು. ಇಷ್ಟು ಮರ್ಯಾದೆಯಿಂದ ಯಾರೂ ಅವನ ಮಾನ ತೆಗೆದಿರಲಿಲ್ಲ.

"ಕದ್ದನಾ?" ಎಂದಳು ಜ್ಯೋತಿಲಕ್ಷ್ಮಿ. ಅವಳು ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜುತ್ತಾ ಗಂಡನ ಮುಖ ಓದುತ್ತಿದ್ದಳು.

"ಕಳ್ಳತನ ಹೆಂಗಾಗುತ್ತೆ? ಯಾರು ಬೇಕಾದ್ರೂ ತಗಳ್ರಿ ಅಂತ ನಾನೇ ಬರೆದಿಟ್ಟೀನಿ."

"ಮತ್ತೆ ತಗಂಡ್ರೆ ಯಾಕ್ರೀ ಉರ್ಕಂತೀರಿ? ಬಾಗ್ಲಾಗೆ ಮಜ್ಜಿಗೆ ಇಟ್ಟು, ಕುಡಿದೋರ ಮೇಲೆ ಮುನಿಸ್ಕಂಡಂಗಾಯ್ತು."

"ಉರ್ಕಂಡಿಲ್ಲ. ಅವನು ಒಂದು ಪ್ರಶ್ನೆ ಕೇಳಿದ್ದ."

"ಹೇಳ್ಬೇಕಿತ್ತಪ್ಪ."

"ಗೊತ್ತಿದ್ರೆ ಹೇಳ್ತಿದ್ದೆ."

ಅವಳು ಜಜ್ಜುವ ಕಲ್ಲನ್ನು ಹಾಗೇ ಹಿಡಿದು ಅವನನ್ನೇ ನೋಡಿದಳು. "ಗೊತ್ತಿಲ್ದೇನೇ ಆವತ್ತು ಸ್ಟೇಜ್ ಮೇಲೆ ಅಷ್ಟು ಹೊತ್ತು ಮಾತಾಡಿದ್ರಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಲೆಯ ಕಡೆ ತಿರುಗಿದಳು. ಹೆಂಡತಿಗೆ ಎಲ್ಲವೂ ನೆನಪಿರುತ್ತದೆ, ಅದೇ ತೊಂದರೆ.

ಮೊಳಕಾಲ್ಮೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಮೇಲೂ ಆ ಸ್ಟೇಜು ಅವನನ್ನು ಬಿಡಲಿಲ್ಲ. ಯಾಕೆ ಹೊರಟೆ ಎಂದು ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ, ಸುಮ್ಮನೆ ಕೂತಿರಲಾಗದೆ ಅಂಗಿ ಸಿಕ್ಕಿಸಿಕೊಂಡು ಬಂದಿದ್ದ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಅಂಚು ಬರೆದದ್ದಕ್ಕೆಂದು ಅವನಿಗೆ ಶಾಲು ಹೊದಿಸಿ ಎರಡು ಮಾತಾಡಿ ಎಂದಿದ್ದರು. ಎರಡು ಮಾತು ಮುಗಿದರೂ ಜನ ನೋಡುತ್ತಲೇ ಕೂತಿದ್ದರಿಂದ ಮೂರನೆಯದೊಂದು ಅದಾಗಿಯೇ ಬಾಯಿಂದ ಬಂತು: ನಮ್ಮ ಹಿರಿಯರು ಪ್ರತಿ ಕಾರ್ಡಿನಲ್ಲೂ ಒಂದು ತೂತನ್ನು ದೇವರಿಗೆಂದು ಮುಚ್ಚಿ ಬಿಡುತ್ತಿದ್ದರು, ಮನುಷ್ಯನ ಕೆಲಸ ಪೂರ್ತಿಯಾಗಬಾರದು ಎಂಬ ವಿನಯ ಅದು, ನನ್ನ ತಂತ್ರಾಂಶದಲ್ಲೂ ಅದನ್ನು ಉಳಿಸಿಕೊಂಡಿದ್ದೇನೆ. ಚಪ್ಪಾಳೆ ಬಿತ್ತು. ಪ್ರಾಂಶುಪಾಲರು ಕನ್ನಡಕ ತೆಗೆದು ಒರೆಸಿಕೊಂಡರು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಹೇಳುತ್ತಾ ಹೇಳುತ್ತಾ ಅವನೇ ನಂಬಿದ. ಅಪ್ಪ ಸತ್ತ ವರ್ಷ ಅಟ್ಟದಿಂದ ಇಳಿಸಿದ ಹಳೆಯ ಕಾರ್ಡಿನ ಕಟ್ಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ್ದು ಅವನೇ ಅಲ್ಲವೇ? ಎಲ್ಲ ಕಾರ್ಡಿನಲ್ಲೂ ಕೆಳಗಿನ ಮೂಲೆಯ ತೂತು ಮುಚ್ಚಿತ್ತು. ಒಂದಲ್ಲ ಎರಡಲ್ಲ, ನೂರಾರು ಕಾರ್ಡು. ಅವನಪ್ಪ ಗಾದ್ರಪ್ಪ ಮಗ್ಗದವರ ಪೈಕಿಯಲ್ಲ. ದನ ಕಾಯುವ ಹಟ್ಟಿಯಿಂದ ಬಂದು, ಮೊಳಕಾಲ್ಮೂರಿನ ನೇಕಾರರ ಕೇರಿಯ ತುದಿಯಲ್ಲಿ ಒಂದು ಕೋಣೆ ಹಿಡಿದು, ಸುತ್ತಿಗೆ ಉಳಿ ಇಟ್ಟುಕೊಂಡು ಮೂವತ್ತು ವರ್ಷ ಕಾರ್ಡಿಗೆ ತೂತು ಹೊಡೆದ ಮನುಷ್ಯ. ಹೊರಗಿನಿಂದ ಬಂದವನು ಅಷ್ಟು ನಿಷ್ಠೆಯಿಂದ ಒಂದು ತೂತು ಬಿಡಬೇಕಾದರೆ ಅದಕ್ಕೆ ಏನೋ ಅರ್ಥ ಇರಲೇಬೇಕು ಎಂದುಕೊಂಡು ಮಗ ಅದನ್ನು ಹಾಗೇ ತಂತ್ರಾಂಶಕ್ಕೆ ಇಳಿಸಿದ್ದ. ಅಪ್ಪ ಇದ್ದಾಗ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಅಪ್ಪ ಇದ್ದಾಗ ಅವನಿಗೆ ಆ ಸುತ್ತಿಗೆಯ ಸದ್ದೆಂದರೆ ಆಗುತ್ತಿರಲಿಲ್ಲ.

ತಳಕು ದಾಟಿತು. ಬಿ.ಜಿ. ಕೆರೆಯಲ್ಲಿ ಕೊಂಡ್ಲಹಳ್ಳಿಯ ಕಡೆಯವರೊಂದಿಷ್ಟು ಜನ ಹತ್ತಿ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಯಾವುದೋ ಮದುವೆಯ ಊಟದ ಬಗ್ಗೆ ಜಗಳವಾಡುತ್ತಾ ಬಂದರು. ಮಾರುತೇಶ ಮುತ್ತುರಾಜನ ಬಗ್ಗೆ ಯೋಚಿಸುತ್ತಿದ್ದ. ಯಾವ ಊರು, ಏನು ವಯಸ್ಸು, ಒಂದೂ ಗೊತ್ತಿಲ್ಲ. ಹೆಸರಿನ ಪಕ್ಕ ಮುಖದ ಬದಲು ಒಂದು ನೂಲಿನ ಉಂಡೆಯ ಚಿತ್ರ. ಆದರೆ ಈ ಮನುಷ್ಯ ತನ್ನ ಸಾವಿರದ ಎಂಟುನೂರು ಸಾಲುಗಳನ್ನು ಒಂದೊಂದಾಗಿ ಓದಿದ್ದಾನೆ. ಹೆಂಡತಿ ಓದಿಲ್ಲ, ಪ್ರಾಂಶುಪಾಲರು ಓದಿಲ್ಲ, ಹೊಗಳಿದವರೊಬ್ಬರೂ ಓದಿಲ್ಲ. ಎಲ್ಲಿ ಅವಸರ ಮಾಡಿದ್ದೆ, ಎಲ್ಲಿ ಬೇಸತ್ತು ಅಡ್ಡದಾರಿ ಹಿಡಿದಿದ್ದೆ ಎಂಬುದೆಲ್ಲ ಅವನಿಗೆ ಗೊತ್ತು. ಜಟಿಂಗ ರಾಮೇಶ್ವರದ ಬೆಟ್ಟಕ್ಕೆ ಕಾಲೇಜಿನವರೆಲ್ಲ ಹೋಗಿದ್ದಾಗ ಇತಿಹಾಸದ ಮೇಷ್ಟರು ಅಶೋಕನ ಶಾಸನ ತೋರಿಸಿ, ಇದನ್ನು ಬರೆದ ಲಿಪಿಕಾರ ಕೆಳಗೆ ತನ್ನ ಹೆಸರನ್ನೂ ಹಾಕಿಕೊಂಡಿದ್ದಾನೆ, ಒಂದು ಪದವನ್ನು ಎಲ್ಲೋ ವಾಯವ್ಯದ ಕಡೆಯ ಬೇರೆ ಲಿಪಿಯಲ್ಲೇ ಬರೆದಿದ್ದಾನೆ ಎಂದಿದ್ದರು. ಇಷ್ಟು ದೂರ ಬಂದವನಿಗೆ ಇಲ್ಲಿ ಅದನ್ನು ಯಾರು ಓದುತ್ತಾರೆಂದು ಅನಿಸಿತ್ತೋ? ಆವತ್ತು ಬಂಡೆಯ ಮೇಲೆ ಮಾರುತೇಶನಿಗೆ ಏನೂ ಕಾಣಿಸಿರಲಿಲ್ಲ, ಕಂಡಂತೆ ತಲೆಯಾಡಿಸಿದ್ದ. ಕಾಣದಿದ್ದರೂ ತಲೆಯಾಡಿಸುವುದು ತನಗೆ ಎಷ್ಟು ಸಲೀಸು ಎಂದು ಈಗ ನಾಚಿಕೆಯಾಯಿತು. ಕೇಳಬೇಕು, ಇವತ್ತಾದರೂ ಕೇಳಿಬಿಡಬೇಕು, ಕೇರಿಯಲ್ಲಿ ಅಪ್ಪನನ್ನು ಕಂಡವರು ಇನ್ನೂ ಯಾರಾದರೂ ಇದ್ದೇ ಇರುತ್ತಾರೆ ಎಂದುಕೊಂಡ. ದೇವರಿಗೆ ಬಿಟ್ಟದ್ದೇ ಆಗಿದ್ದರೆ ಮುತ್ತುರಾಜನಿಗೆ ತಲೆಯೆತ್ತಿ ಬರೆಯಬಹುದು, ಅಂಚು ತನ್ನ ಹತ್ತಿರವೇ ಉಳಿಯುತ್ತದೆ. ಅಲ್ಲವಾದರೆ? ಅಲ್ಲವಾದರೆ ಏನೆಂದು ಅವನು ಮುಂದೆ ಯೋಚಿಸಲಿಲ್ಲ.

ಸೂರಮ್ಮನ ಮನೆ ಸಿಕ್ಕುವುದು ಕಷ್ಟವಾಗಲಿಲ್ಲ. ಎಪ್ಪತ್ತರ ಹತ್ತಿರದ ನೇಕಾರ ಹೆಂಗಸು, ಗಾದ್ರಪ್ಪ ಹೊಡೆದ ಕಾರ್ಡಿನಲ್ಲಿ ಮದುವೆಯಾದಾಗಿನಿಂದ ನೇಯ್ದವಳು. ಪಡಸಾಲೆಯ ತುಂಬ ಮಗ್ಗ, ಅದರ ಪಕ್ಕದ ಗೇಣಗಲ ಜಾಗದಲ್ಲಿ ಕೂತು ಮುದ್ದೆ ಉಣ್ಣುತ್ತಿದ್ದಳು. ಅವನನ್ನು ಕಂಡದ್ದೇ ಮುಖ ಅರಳಿತು.

"ಗಾದ್ರಣ್ಣನ ಮಗ ಅಲ್ವೇನಪ್ಪ ನೀನು? ಬಾ, ಕೂತ್ಕ. ನೂರು ವರ್ಷ ಆಯುಸ್ಸು ನಿಂಗೆ. ನಿನ್ನೆ ಇನ್ನೂ ನಿನ್ ಹೆಸ್ರು ಹೇಳಿದ್ನಿ."

"ಯಾಕೆ ದೊಡ್ಡವ್ವ?"

"ಕೊನೆಗೂ ಸರಿ ಮಾಡಿದ್ಯಲ್ಲ, ಅದಕ್ಕೆ. ಹೋದ ವಾರ ಸೊಸೆ ಕಂಪ್ಯೂಟ್ರಿಗೆ ಹೊಸದು ಹಾಕ್ಕಂಡ್ಳು. ಕಾರ್ಡು ಹೊಡೆಸ್ಕಂಡು ಬಂದ್ಳು. ನಾನು ಎಂದಿನಂಗೆ ದಬ್ಬಳ ಹಿಡ್ಕಂಡು ಕೂತ್ರೆ ಮೂಲೆ ತೂತು ಆಗಲೇ ತೆಗೆದೈತೆ. ಎಲ್ಲಾ ಕಾರ್ಡ್‌ನಾಗೂ ತೆಗೆದೈತೆ. ನಂಗೆ ಅಳುನೇ ಬಂತು ನೋಡು."

ಮಾರುತೇಶ ಮಗ್ಗದ ಕಂಬಕ್ಕೆ ಕೈ ಕೊಟ್ಟು ನಿಂತ. ಅವಳು ಹೇಳಿದ್ದರಲ್ಲಿ ಎರಡು ಮಾತು ಅವನಿಗೆ ಅರ್ಥವಾಗಿರಲಿಲ್ಲ, ಅರ್ಥವಾಗುವುದು ಬೇಡವೂ ಆಗಿತ್ತು. "ದಬ್ಬಳ ಯಾಕೆ?" ಎಂದು ಕೇಳಿದ.

"ಚುಚ್ಚಾಕೆ. ಆ ಎಳೆ ಏಳ್ದಿದ್ರೆ ಅಂಚಿನ ಕಡೆ ಸಾಲು ಕೆಡಲ್ವಾ? ನಿಮ್ಮಪ್ಪನ ಕಾಲದಿಂದ್ಲೂ ನಾವೇ ಚುಚ್ಕಂತೀವಿ." ಅವಳು ಎಡಗೈಯನ್ನೇ ಗೂಡಿಗೆ ಹಾಕಿ ಹಳೆಯ ಕಾರ್ಡಿನ ಕಟ್ಟೊಂದನ್ನು ಎಳೆದು ಅವನ ಮುಂದಿಟ್ಟಳು. ಬೆಳಕಿಗೆ ಹಿಡಿದು ನೋಡಿದ. ಎಲ್ಲ ತೂತುಗಳೂ ದುಂಡಗೆ ಒಂದೇ ಸಮನಾಗಿದ್ದವು. ಮೂಲೆಯದು ಮಾತ್ರ ಅಂಚು ಹರಿದು, ಒಂದಿಷ್ಟು ಓರೆಯಾಗಿ, ಕೈಯಿಂದ ಚುಚ್ಚಿದ್ದು. ಮುಂದಿನ ಕಾರ್ಡಿನಲ್ಲೂ ಹಾಗೇ. ಅದರ ಮುಂದಿನದರಲ್ಲೂ. ಹಾಗಾದರೆ ಅಟ್ಟದ ಮೇಲಿದ್ದವು? ಅಟ್ಟದ ಮೇಲಿದ್ದವು ಯಾವ ಮಗ್ಗಕ್ಕೂ ಹೋಗದೆ ಮಿಕ್ಕ ಕಾರ್ಡುಗಳು. ಯಾರೂ ಉಪಯೋಗಿಸದ್ದನ್ನು ನೋಡಿ ಅವನು ಸಂಪ್ರದಾಯ ಕಲಿತಿದ್ದ.

"ಅಪ್ಪ ಯಾಕೆ ಅದನ್ನ ಮುಚ್ಚಿ ಬಿಡ್ತಿದ್ದ ದೊಡ್ಡವ್ವ? ದೇವರಿಗೆ ಅಂತಾನಾ?"

"ಯಾವ ದೇವ್ರಿಗಪ್ಪ?" ಸೂರಮ್ಮ ನಕ್ಕಳು. "ಕಾರ್ಡಿನ ಮ್ಯಾಲಿಟ್ಟು ಹೊಡೆಯೋ ತೂತಿನ ಕಬ್ಬಿಣದ ಹಲಗೆ ಇತ್ತಲ್ಲ ಅವಂದು, ಅದರ ಮೂಲೆಯಾಗೆ ಉಳಿ ಮೊನೆ ಮುರ್ಕಂಡು ಸಿಗಾಕ್ಕಂಡಿತ್ತು. ಬಳ್ಳಾರಿಗೆ ಒಯ್ದು ತೆಗೆಸ್ತೀನಿ ಅಂತ ಸಾಯೋ ತನಕ ಹೇಳ್ದ, ಹೋಗಾಕೆ ಆಗ್ಲಿಲ್ಲ. ಆದ್ರೆ ಒಂದು ಮಾತು. ಕಟ್ಟು ತಂದು ಕೊಟ್ಟಾಗೆಲ್ಲ ಬಾಗ್ಲಾಗೆ ನಿಂತು ಹೇಳೋನು, ಒಂದು ತೂತು ನನ್ ಕೈಲಾಗಿಲ್ಲ ತಾಯಿ, ನೀವೇ ಚುಚ್ಕಳ್ರಿ, ತಪ್ಪು ತಿಳ್ಕಬ್ಯಾಡ್ರಿ ಅಂತ. ಪ್ರತಿ ಸಲ, ಪ್ರತಿ ಮನೆಯಾಗೆ. ಒಂದು ಸಲ ತಪ್ಪಿಸಲಿಲ್ಲ."

ಮಾರುತೇಶನಿಗೆ ಶಾಲು ನೆನಪಾಯಿತು, ಪ್ರಾಂಶುಪಾಲರ ಕನ್ನಡಕ ನೆನಪಾಯಿತು, ಆ ಮಾತು ಅಚ್ಚಾದ ಪತ್ರಿಕೆಯ ತುಣುಕನ್ನು ತಾನೇ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದು ನೆನಪಾಯಿತು. ಅಪ್ಪ ಮನೆಮನೆಯ ಬಾಗಿಲಲ್ಲಿ ನಿಂತು ಒಪ್ಪಿಕೊಂಡ ತಪ್ಪನ್ನು ಮಗ ವೇದಿಕೆಯ ಮೇಲೆ ನಿಂತು ವಿನಯ ಅಂದಿದ್ದ. ದುಃಖವೆನ್ನುವುದಕ್ಕಿಂತ ಮೊದಲು ಅವನಿಗೆ ಬಂದದ್ದು ಅಸಹ್ಯ, ತನ್ನ ಬಗ್ಗೆ.

"ಒಂಬತ್ತು ವರ್ಷ ಆಯ್ತಲ್ಲ ನನ್ನ ಅಂಚು ಬಂದು. ಇದು ತಪ್ಪು ಅಂತ ಒಬ್ರಾದ್ರೂ ಯಾಕೆ ಹೇಳ್ಲಿಲ್ಲ ನಂಗೆ?"

"ಹೇಳಾದೇನೈತಪ್ಪ? ನೀನು ಓದ್ದೋನು, ಬೇಕಂತ್ಲೇ ಬಿಟ್ಟಿರ್ತೀಯ ಅಂದ್ಕಂಡ್ವಿ. ಸೊನ್ನೆ ಕಾರ್ಡೂ ಹಂಗೇಯ. ನಿನ್ ಕಂಪ್ಯೂಟ್ರು ಮೊದ್ಲನೇ ಕಾರ್ಡಿಗೆ ಸೊನ್ನೆ ಅಂತ ಬರೀತೈತಲ್ಲ, ಸೊನ್ನೆ ಅಂದ್ರೆ ಲೆಕ್ಕಕ್ಕಿಲ್ಲ ಅಂತ ಅದನ್ನ ತೆಗ್ದು ಪಕ್ಕಕ್ಕಿಟ್ಟು ನೇಯ್ದ್ವಿ. ಹಂಸದ ಕಾಲೇ ಇಲ್ಲ!" ಅವಳು ಉಗುಳು ನೆತ್ತಿಗೇರುವಂತೆ ನಕ್ಕು ಕೆಮ್ಮಿದಳು. "ಆಮ್ಯಾಲೆ ಗೊತ್ತಾತು. ಈಗ ಸೊನ್ನೇನೇ ಮೊದ್ಲು ಹಾಕ್ತೀವಿ. ಇನ್ನೂ ಅವೆ ಅಂಥವು. ಒಂದೊಂದು ಮನ್ಯಾಗೆ ಒಂದೊಂದು ಥರ ಸರಿ ಮಾಡ್ಕಂಡೀವಿ."

ಎಂಟು ವರ್ಷ ಯಾರೂ ಏನೂ ಕಳಿಸಲಿಲ್ಲ ಎಂದುಕೊಂಡಿದ್ದನಲ್ಲ. ಕೇರಿಗೆ ಕೇರಿಯೇ ಅವನ ತಂತ್ರಾಂಶವನ್ನು ಬೆರಳ ತುದಿಯಲ್ಲಿ ಓದಿ, ದಬ್ಬಳದಲ್ಲಿ ತಿದ್ದಿಕೊಂಡು ಕೂತಿತ್ತು. ಸೂರಮ್ಮನ ಬಲಗೈ ಹೆಬ್ಬೆರಳು ಈಗ ಕಣ್ಣಿಗೆ ಬಿತ್ತು, ಮುದ್ದೆಯ ಮೇಲಿತ್ತು ಅದು, ಒಂದು ಪಕ್ಕ ಜಡ್ಡು ಕಟ್ಟಿ ಹಳದಿಯಾಗಿತ್ತು.

"ಒಳ್ಳೇದಾಗ್ಲಿ ಬಿಡು," ಎಂದಳು ಅವಳು. "ನಿಮ್ಮಪ್ಪ ಮಾಡ್ತೀನಿ ಅಂದಿದ್ದನ್ನ ನೀನು ಮಾಡ್ದೆ. ಅವನಿದ್ದಿದ್ರೆ ಎಷ್ಟು ಖುಷಿ ಪಡ್ತಿದ್ನೋ."

ಸುಮ್ಮನಿದ್ದರೆ ಮುಗಿಯುತ್ತಿತ್ತು. ಮುತ್ತುರಾಜನಿಗೆ ಈ ಮನೆ ಗೊತ್ತಿಲ್ಲ, ಸೂರಮ್ಮನಿಗೆ ಮುತ್ತುರಾಜ ಗೊತ್ತಿಲ್ಲ. ಹೂಂ ಎಂದು ತಲೆಯಾಡಿಸಿ, ಒಂದು ಲೋಟ ನೀರು ಕುಡಿದು ಎದ್ದು ಹೋದರೆ ಈ ಕೇರಿಯಲ್ಲಿ ಅವನ ಹೆಸರು ಇನ್ನಷ್ಟು ಗಟ್ಟಿಯಾಗುತ್ತಿತ್ತು. ತಲೆ ಅರ್ಧ ಆಡಿಯೂ ಬಿಟ್ಟಿತ್ತು. ಆ ಅರ್ಧದಲ್ಲಿ ಹಿಡಿದು ನಿಲ್ಲಿಸುವುದಕ್ಕೆ ಅವನಿಗೆ ಬೆವರು ಬಂತು.

"ನಾನು ಮಾಡಿದ್ದಲ್ಲ ದೊಡ್ಡವ್ವ. ನಾನು ಬ್ಯಾಡ ಅಂದೆ. ಮುತ್ತುರಾಜ್ ಅಂತ ಇನ್ನೊಬ್ಬ ಮಾಡಿದ್ದು. ನನ್ನ ಮಾತು ಮೀರಿ ಮಾಡಿದ್ದು."

ಸೂರಮ್ಮನ ತುತ್ತು ಕೈಯಲ್ಲೇ ನಿಂತಿತು. ಬೇಸರ ಬರಬಹುದೆಂದು ಅವನು ಕಾದ. "ಯಾವೂರೋನು?" ಎಂದು ಕೇಳಿದಳು.

"ಗೊತ್ತಿಲ್ಲ."

"ಊರು ಗೊತ್ತಿಲ್ದೋನು ನಮ್ಮ ಕಾರ್ಡಿನ ಮೂಲೆ ತನಕ ನೋಡಿದ್ನಾ? ಭಲೆ. ಅವನ ಮನೆಯಾಗೂ ಯಾರಾದ್ರೂ ಚುಚ್ತಿದ್ರೇನೋ ಕೇಳು ಒಂದ್ಸಲ." ಹಾಗೆಂದು ಅವಳು ತುತ್ತು ನುಂಗಿದಳು. ಅವನ ಹೆಸರು ಗಟ್ಟಿಯಾಯಿತೋ ಮುರಿಯಿತೋ ಎಂಬ ಯೋಚನೆಯೇ ಅವಳಿಗೆ ಬಂದಂತೆ ಕಾಣಲಿಲ್ಲ.

ಬಸ್ ನಿಲ್ದಾಣದ ಕಲ್ಲು ಬೆಂಚಿನಲ್ಲಿ ಕೂತು, ಹನ್ನೊಂದು ತಿಂಗಳ ಹಳೆಯ ಪ್ರಶ್ನೆಯ ಕೆಳಗೆ ಅವನು ಉತ್ತರ ಬರೆದ. ಕನ್ನಡದಲ್ಲೇ ಬರೆದ. ಸಂಪ್ರದಾಯ ಅಲ್ಲ, ನಮ್ಮಪ್ಪನ ಹಲಗೆಯ ಮೂಲೆಯಲ್ಲಿ ಉಳಿ ಮುರಿದಿತ್ತು, ನಾನು ಯಾರನ್ನೂ ಕೇಳದೆ ಅದನ್ನು ಸಂಪ್ರದಾಯ ಅಂದೆ, ತಪ್ಪು ನನ್ನದು. ನಿಮ್ಮ ಮನೆಯಲ್ಲೂ ಯಾರಾದರೂ ಚುಚ್ಚುತ್ತಿದ್ದರೇ ಎಂದು ಇಲ್ಲೊಬ್ಬರು ಕೇಳುತ್ತಿದ್ದಾರೆ. ಕಳಿಸಿಬಿಟ್ಟ. ಆಮೇಲೆ ಅಷ್ಟಕ್ಕೇ ಬಿಡಲು ಮನಸ್ಸಾಗದೆ ಮುತ್ತುರಾಜನ ಪ್ರತಿಯನ್ನೇ ತೆರೆದು, ಸಂಪ್ರದಾಯ ಎಂಬ ಸ್ವಿಚ್ಚಿನ ನಾಲ್ಕು ಸಾಲುಗಳನ್ನು ಅಳಿಸಿ, ಇದು ಬೇಡ, ಒಪ್ಪಿಗೆಯಾದರೆ ತೆಗೆದುಹಾಕಿ ಎಂದು ಅವನಿಗೆ ಕಳಿಸಲು ಹೊರಟ. ತಾನು ಬರೆದ ತಂತ್ರಾಂಶಕ್ಕೆ ತಾನೇ ಹೊರಗಿನವನಾಗಿ ಒಂದು ತಿದ್ದುಪಡಿ ಒಪ್ಪಿಸುತ್ತಿರುವುದು ವಿಚಿತ್ರವಾಗಿತ್ತು, ಅವಮಾನವೂ ಆಗಬೇಕಿತ್ತು, ಯಾಕೋ ಹಗುರವಾಗಿತ್ತು. ಕಳಿಸುವ ಮುನ್ನ ಪುಟ ಎರಡು ಪ್ರಶ್ನೆ ಕೇಳಿತು. ಹೊರಗಿನಿಂದ ಯಾರೇ ಏನೇ ಕಳಿಸಿದರೂ ತುಂಬಬೇಕೆಂದು ಮುತ್ತುರಾಜ್ ಇಟ್ಟಿದ್ದ ಪ್ರಶ್ನೆಗಳು. ಯಾರನ್ನು ಕೇಳಿದಿರಿ? ಯಾವ ಮಗ್ಗದ ಮೇಲೆ ನೋಡಿದಿರಿ?

ಮೊದಲನೆಯದಕ್ಕೆ ಸೂರಮ್ಮ, ಮೊಳಕಾಲ್ಮೂರು ಎಂದು ತುಂಬಿದ. ಎರಡನೆಯದರ ಮುಂದೆ ಬೆರಳು ನಿಂತಿತು. ಅವಳ ಪಡಸಾಲೆಯ ಮಗ್ಗ ಎಂದು ಬರೆದರೆ ಯಾರು ಬಂದು ನೋಡುತ್ತಾರೆ? ಆದರೆ ಅವನು ನೋಡಿರಲಿಲ್ಲ. ಇವತ್ತು ಮಾತ್ರವಲ್ಲ, ಒಂಬತ್ತು ವರ್ಷದಲ್ಲಿ ಒಂದು ದಿನವೂ ತನ್ನ ಲೆಕ್ಕದ ಕಾರ್ಡು ಮಗ್ಗದ ಮೇಲೆ ಆಡುವುದನ್ನು ಅವನು ನಿಂತು ನೋಡಿರಲಿಲ್ಲ. ಚಳ್ಳಕೆರೆಯ ಬಸ್ಸು ಬಂದು, ಕಂಡಕ್ಟರು ಕೂಗಿ, ಅವನತ್ತ ಒಂದು ಸಲ ನೋಡಿ ಸೀಟಿ ಊದಿದ. ಬಸ್ಸು ಹೋಯಿತು.

ಮತ್ತೆ ಬಾಗಿಲಲ್ಲಿ ಅವನನ್ನು ಕಂಡು ಸೂರಮ್ಮ, "ಏನಾದ್ರೂ ಮರ್ತು ಹೋದ್ಯೇನಪ್ಪ?" ಎಂದಳು. ಅವಳು ಆಗಲೇ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದಳು.

"ಆ ಎಳೆ ಏಳೋದು ನಾನು ನೋಡಿಲ್ಲ ದೊಡ್ಡವ್ವ. ಒಂದ್ಸಲ ತೋರಿಸ್ತೀಯಾ?"

ಅವಳು ಒಂದಿಷ್ಟು ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಚಪ್ಪಲಿ ಬಿಟ್ಟು ಅವನು ಅವಳ ಪಕ್ಕ ಕುಣಿಯ ಅಂಚಿನಲ್ಲಿ ಕೂತ. ಅವಳು ತುಳಿದಳು. ತಲೆಯ ಮೇಲೆ ಕಾರ್ಡು ಕಟಕ್ಕೆಂದು ಮಗುಚಿತು, ನೂರಾರು ಎಳೆಗಳು ಒಟ್ಟಿಗೆ ಎದ್ದವು, ಇವನಿಗೆ ಯಾವುದು ಯಾವುದೆಂದು ತಿಳಿಯಲಿಲ್ಲ. ತಲೆಯಾಡಿಸಲಿಲ್ಲ.

"ಕಾಣಿಸ್ಲಿಲ್ಲ," ಎಂದ.

"ಈ ಕಡೆ ಬಗ್ಗು. ತುದೀದು. ಕೆಂಪು ಎಳೆ."

ಅವಳು ಇನ್ನೊಮ್ಮೆ ತುಳಿದಳು. ತುದಿಯ ಕೆಂಪು ಎಳೆ ಉಳಿದವುಗಳ ಜೊತೆ ಎದ್ದು, ಲಾಳಿ ಹೋಗುವಷ್ಟು ಹೊತ್ತು ನಿಂತು, ಮಲಗಿತು.